ಪೆಟ್ರೋಲಿನಲ್ಲಿ ಮುಳುಗಿದ ಮೋಟರಿಗೆ ಬೆಂಕಿ ಯಾಕೆ ಹತ್ತುವುದಿಲ್ಲ?

ಪೆಟ್ರೋಲ್ ಪಿಕಪ್ ಗಾಡಿಯ ಟ್ಯಾಂಕಿನೊಳಗೆ ಪೆಟ್ರೋಲನ್ನು ಎಂಜಿನ್ನಿಗೆ ಕಳಿಸುವ ಪಂಪ್ ಇರುತ್ತದೆ, ಆ ಪಂಪಿನೊಳಗೆ ಒಂದು ವಿದ್ಯುತ್ ಮೋಟರ್. ಅದು ಪೆಟ್ರೋಲಿನಲ್ಲೇ ಮುಳುಗಿಕೊಂಡು ತಿರುಗುತ್ತದೆ. ಅದರ ಕಾರ್ಬನ್ ಬ್ರಷ್‌ಗಳು ಕಮ್ಯುಟೇಟರ್ ಎಂಬ ತಿರುಗುವ ಭಾಗಕ್ಕೆ ಉಜ್ಜುತ್ತಾ ಸಣ್ಣ ಸಣ್ಣ ಕಿಡಿ ಹಾರಿಸುತ್ತವೆ. ಗಾಡಿ ಓಡುವಷ್ಟು ಹೊತ್ತೂ ಹಾರಿಸುತ್ತಲೇ ಇರುತ್ತವೆ. ಎಂಜಿನ್ನಿಗೆ ಹೋಗುವ ಪೆಟ್ರೋಲ್ ಆ ಮೋಟರಿನ ಒಳಗಿಂದಲೇ ಹಾದು, ಅದನ್ನು ತಂಪು ಮಾಡಿ, ಮುಂದೆ ಹೋಗುತ್ತದೆ. ಪೆಟ್ರೋಲ್ ಇದೆ, ಕಿಡಿ ಇದೆ. ಆದರೂ ಬೆಂಕಿ ಇಲ್ಲ. ಇದರ ಕಾರಣ ಗೊತ್ತಾದ ದಿನ ನನಗೆ ಆದ ಖುಷಿ ಅಷ್ಟಿಷ್ಟಲ್ಲ.

ಕುಮಟಾದಲ್ಲಿ ನಮ್ಮ ಪಕ್ಕದ ಮನೆಯ ಹುಡುಗ ತನ್ನ ಗಾಡಿಯ ಪಂಪನ್ನು ಮನೆಯಲ್ಲೇ ಬದಲಿಸಲು ಹೊರಟಾಗ ಈ ವಿಷಯ ಬರೆಯಲೇಬೇಕು ಅನ್ನಿಸಿತು. "ಅಣ್ಣಾ, ಟ್ಯಾಂಕ್ ಪೂರ್ತಿ ಖಾಲಿ ಮಾಡಿಟ್ಟಿದ್ದೇನೆ. ಇನ್ನು ಎಂತ ಹೆದರಿಕೆ?" ಎಂದ. ಹೆದರಿಕೆ ಶುರುವಾಗುವುದೇ ಅಲ್ಲಿಂದ. ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕ್ ಜಾಸ್ತಿ ಅಪಾಯ. ಕೇಳಲು ವಿಚಿತ್ರ ಅಲ್ವಾ?

ಮೊದಲೇ ಹೇಳಿಬಿಡುತ್ತೇನೆ, ಇಲ್ಲಿ ಹೇಳುತ್ತಿರುವುದು ಪೆಟ್ರೋಲ್ ಗಾಡಿಗಳ ಮಾತು. ಸೂಪರ್ ಕ್ಯಾರಿ, ಪೆಟ್ರೋಲ್ ಟಾಟಾ ಏಸ್ ಥರದವು. ನಮ್ಮ ಕಡೆ ಮೀನು, ಅಡಿಕೆ, ಚಿರೇಕಲ್ಲು ಹೊರುವ ಬೊಲೆರೊ ಪಿಕಪ್‌ಗಳು ಹೆಚ್ಚಾಗಿ ಡೀಸೆಲ್. ಅವುಗಳ ಪಂಪಿನ ಕಥೆಯೇ ಬೇರೆ.

ದ್ರವ ಪೆಟ್ರೋಲ್ ಉರಿಯುವುದಿಲ್ಲ. ಉರಿಯುವುದು ಅದರ ಆವಿ. ಆವಿಯೂ ಒಂದೇ ಸಾಲದು, ಅದು ಗಾಳಿಯ ಜೊತೆ ಸರಿಯಾದ ಪ್ರಮಾಣದಲ್ಲಿ ಬೆರೆತಿರಬೇಕು. ಗಾಳಿಯಲ್ಲಿ ಪೆಟ್ರೋಲ್ ಆವಿ ಸುಮಾರು ಶೇಕಡಾ 1.4ಕ್ಕಿಂತ ಕಡಿಮೆ ಇದ್ದರೆ ಕಿಡಿ ತಾಗಿದರೂ ಹೊತ್ತುವುದಿಲ್ಲ. ಸುಮಾರು ಶೇಕಡಾ 7.6ಕ್ಕಿಂತ ಹೆಚ್ಚಾದರೂ ಹೊತ್ತುವುದಿಲ್ಲ, ಯಾಕೆಂದರೆ ಆಗ ಉರಿಯಲು ಬೇಕಾದ ಆಮ್ಲಜನಕ ಸಾಕಾಗುವುದಿಲ್ಲ. ತಂಬುಳಿಗೆ ಉಪ್ಪು ಹಾಕಿದ ಹಾಗೆ: ಕಡಿಮೆಯಾದರೆ ರುಚಿಯಿಲ್ಲ, ಜಾಸ್ತಿಯಾದರೆ ಬಾಯಿಗಿಡಲಾಗದು. ನಡುವೆ ಒಂದು ಚಿಕ್ಕ ಕಿಟಕಿ ಇದೆ. ಬೆಂಕಿಗೆ ಬರಲು ದಾರಿ ಅದೊಂದೇ.

ಈಗ ಟ್ಯಾಂಕಿನೊಳಗೆ ಏನಿದೆ ನೋಡಿ. ಪೆಟ್ರೋಲಿನಲ್ಲಿ ಮುಳುಗಿದ ಭಾಗದಲ್ಲಿ ಗಾಳಿಯೇ ಇಲ್ಲ. ಅಲ್ಲಿ ಕಿಡಿ ಹಾರಿದರೂ ಉರಿಯಲು ಆಸರೆ ಇಲ್ಲ. ಸರಿ, ಪೆಟ್ರೋಲ್ ಕೆಳಗಿಳಿದು ಪಂಪಿನ ತಲೆ ಮೇಲೆ ಬಂತು ಎಂದುಕೊಳ್ಳಿ. ಆಗಲೂ ಭಯ ಕಡಿಮೆ. ನಮ್ಮ ಕರಾವಳಿಯ 30 ಡಿಗ್ರಿ ಸೆಖೆಯಲ್ಲಿ, ಮುಚ್ಚಿದ ಟ್ಯಾಂಕಿನ ಖಾಲಿ ಜಾಗದಲ್ಲಿ ಮೂರನೇ ಒಂದು ಭಾಗದ ಆಸುಪಾಸು ಪೆಟ್ರೋಲ್ ಆವಿಯೇ ತುಂಬಿರುತ್ತದೆ. ಶೇಕಡಾ 7.6ರ ಗಡಿ ಎಲ್ಲೋ ಕೆಳಗೆ ಉಳಿದುಬಿಟ್ಟಿದೆ. ಪೆಟ್ರೋಲ್ ಅಷ್ಟು ಬೇಗ ಆವಿಯಾಗುತ್ತದೆ ಎನ್ನುವುದೇ ಟ್ಯಾಂಕಿನೊಳಗೆ ಅದನ್ನು ಕಾಪಾಡುತ್ತದೆ. ಎಷ್ಟು ಚಂದದ ವಿರೋಧಾಭಾಸ!

ಉರಿಯುವ ಅನಿಲಕ್ಕೆ ಹೀಗೊಂದು ಕಿಟಕಿ ಇದೆ ಎಂದು ಮನುಷ್ಯ ಕಲಿತದ್ದು ದೊಡ್ಡ ಬೆಲೆ ತೆತ್ತು. 1812ರಲ್ಲಿ ಇಂಗ್ಲೆಂಡಿನ ಫೆಲ್ಲಿಂಗ್ ಕಲ್ಲಿದ್ದಲು ಗಣಿ ಸ್ಫೋಟಗೊಂಡು 92 ಮಂದಿ ಸತ್ತರು. ಗಣಿಯೊಳಗೆ ಸೋರುವ ಮೀಥೇನ್ ಅನಿಲಕ್ಕೆ ದೀಪದ ಬೆಂಕಿ ತಾಗುವ ಇಂಥ ದುರಂತಗಳನ್ನು ತಡೆಯುವ ದಾರಿ ಹುಡುಕಿಕೊಡಿ ಎಂದು ಹಂಫ್ರಿ ಡೇವಿ ಎಂಬ ರಸಾಯನ ವಿಜ್ಞಾನಿಯನ್ನು ಕೇಳಿಕೊಂಡರು. ಆತ ಗಣಿಯ ಅನಿಲ ತರಿಸಿಕೊಂಡು, ಗಾಳಿಯ ಜೊತೆ ಬೇರೆ ಬೇರೆ ಪ್ರಮಾಣದಲ್ಲಿ ಬೆರೆಸಿ ಪರೀಕ್ಷೆ ಮಾಡಿದ. ಕೆಲವು ಪ್ರಮಾಣಗಳಲ್ಲಿ ಮಾತ್ರ ಅದು ಸಿಡಿಯುತ್ತಿತ್ತು. ಈಗ ನಮಗೆ ಗೊತ್ತಿರುವ ಲೆಕ್ಕದಲ್ಲಿ ಮೀಥೇನಿನ ಕಿಟಕಿ ಶೇಕಡಾ 5ರಿಂದ 15. ಜ್ವಾಲೆ ಸಣ್ಣ ತೂತುಗಳ ಮೂಲಕ ದಾಟಲಾರದು ಎಂಬುದನ್ನೂ ಆತ ಕಂಡುಕೊಂಡು, 1815ರಲ್ಲಿ ತಂತಿ ಜಾಲರಿಯ ದೀಪ ಮಾಡಿದ. ಒಬ್ಬ ಮನುಷ್ಯ ಹೀಗೆ ಅಳತೆ ಮಾಡುತ್ತಾ ಕುಳಿತದ್ದು ಎಷ್ಟು ದೊಡ್ಡ ಕೆಲಸ!

ಕಿಟಕಿಯ ಲೆಕ್ಕ ಮರೆತರೆ ಏನಾಗುತ್ತದೆ ಎನ್ನುವುದಕ್ಕೂ ಒಂದು ಉದಾಹರಣೆ ಇದೆ. 1996ರ ಜುಲೈ 17ರಂದು ನ್ಯೂಯಾರ್ಕಿನಿಂದ ಹೊರಟ ಟಿಡಬ್ಲ್ಯುಎ 800 ವಿಮಾನ ಆಕಾಶದಲ್ಲೇ ಸಿಡಿದು 230 ಜನ ಸತ್ತರು. ವಿಮಾನದ ಇಂಧನ ಒಂದು ಬಗೆಯ ಸೀಮೆಎಣ್ಣೆ. ಪೆಟ್ರೋಲಿಗಿಂತ ಸಾಧು ಎಂದು ನಾವೆಲ್ಲ ತಿಳಿದಿರುವ ವಸ್ತು. ಆ ದಿನ ನಡುವಿನ ಟ್ಯಾಂಕ್ ಬಹುತೇಕ ಖಾಲಿ ಇತ್ತು. ಅದರ ಕೆಳಗೇ ಇದ್ದ ಎಸಿ ಯಂತ್ರಗಳ ಬಿಸಿ ಟ್ಯಾಂಕಿಗೆ ತಾಗುತ್ತಿತ್ತು. ತಣ್ಣಗಿದ್ದರೆ ಸೀಮೆಎಣ್ಣೆಯ ಆವಿ ಕಿಟಕಿಗಿಂತ ಕೆಳಗೇ ಇರುತ್ತದೆ. ಬಿಸಿಯಾದಾಗ ಅದು ಸರಿಯಾಗಿ ಕಿಟಕಿಯೊಳಗೆ ಬಂತು. ವೈರಿನ ಶಾರ್ಟ್ ಸರ್ಕ್ಯೂಟೇ ಕಿಡಿ ಕೊಟ್ಟಿರಬೇಕು ಎಂಬುದು ತನಿಖೆಯ ತೀರ್ಮಾನ. ಅಂದರೆ ಇಂಧನದ ಹೆಸರು ನೋಡಿ ಅಪಾಯ ಅಳೆಯಬಾರದು. ಆವಿ ಎಷ್ಟು, ಗಾಳಿ ಎಷ್ಟು ಎಂದು ನೋಡಬೇಕು.

ಪೆಟ್ರೋಲಿಗೆ ಬೆರೆಸುವ ಎಥನಾಲ್ ಎಂಬ ಆಲ್ಕೋಹಾಲ್ ಕೂಡ, ಶುದ್ಧವಾಗಿದ್ದರೆ, ಹೀಗೇ. ಸುಮಾರು 13 ಡಿಗ್ರಿಯಿಂದ 40 ಡಿಗ್ರಿ ಸೆಖೆಯವರೆಗೂ ಅದರ ಆವಿ ಮುಚ್ಚಿದ ಪಾತ್ರೆಯಲ್ಲಿ ಕಿಟಕಿಯೊಳಗೇ ಇರುತ್ತದೆ. ನಮ್ಮ ಕಾರವಾರದ ವರ್ಷಪೂರ್ತಿ ಹವೆ ಅದೇ ಅಲ್ವಾ? ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಎಥನಾಲ್ ಇದೆ. ಗಾಬರಿ ಬೇಡ. ಉಳಿದ 80ರಷ್ಟು ಪೆಟ್ರೋಲ್ ತನ್ನ ಆವಿಯನ್ನು ತುಂಬಿ ಗಡಿಯಿಂದ ಮೇಲೆ ಒಯ್ಯುತ್ತದೆ.

ಮತ್ತೆ ಆ ಹುಡುಗನ ಖಾಲಿ ಟ್ಯಾಂಕಿಗೆ ಬರೋಣ. ಪೆಟ್ರೋಲ್ ಬಸಿದು, ಪಂಪ್ ಹೊರತೆಗೆದು, ಬಾಯಿ ತೆರೆದಿಟ್ಟ ಕೂಡಲೇ ಗಾಳಿ ಒಳಗೆ ಹೋಗುತ್ತದೆ. ಮೂವತ್ತು ಶೇಕಡಾ ಇದ್ದ ಆವಿ ತೆಳುವಾಗುತ್ತಾ ಇಳಿಯುತ್ತದೆ. ಇಳಿಯುವ ದಾರಿಯಲ್ಲಿ ಆ ಕಿಟಕಿಯನ್ನು ಹಾದೇ ಹೋಗಬೇಕು. ಒಳಗೆ ಅಂಟಿಕೊಂಡ ಪೆಟ್ರೋಲ್ ಮತ್ತೆ ಮತ್ತೆ ಆವಿ ಕೊಡುವುದರಿಂದ ಅಲ್ಲೇ ಬಹಳ ಹೊತ್ತು ನಿಂತರೂ ನಿಲ್ಲಬಹುದು. ಲೆಕ್ಕ ಹಾಕಿ ನೋಡಿದೆ: 40 ಲೀಟರಿನ ಖಾಲಿ ಟ್ಯಾಂಕ್ ಬಾಂಬ್ ಆಗಲು ಒಂದು ಟೀ ಚಮಚ ಪೆಟ್ರೋಲ್ ಆವಿಯಾದರೆ ಸಾಕು. ಖಾಲಿ ಟ್ಯಾಂಕಿಗೆ ವೆಲ್ಡಿಂಗ್ ಮಾಡಲು ಹೋಗಿ ಜನ ಸಾಯುವುದು ಇದಕ್ಕೇ. ಪಳಗಿದ ಕೆಲಸಗಾರರು ಮೊದಲು ಟ್ಯಾಂಕ್ ತೊಳೆದು, ನೀರು ತುಂಬಿಸಿಟ್ಟು ವೆಲ್ಡ್ ಮಾಡುತ್ತಾರೆ.

ಹೊರಗೆ ಬಂದ ಆವಿ ಎಲ್ಲಿಗೆ ಹೋಗುತ್ತದೆ? ಮೇಲೆ ಹಾರಿಹೋಗುತ್ತದೆ ಎಂದೇ ಹೆಚ್ಚಿನವರ ನಂಬಿಕೆ. ಇಲ್ಲ. ಪೆಟ್ರೋಲ್ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ನೆಲ ಹಿಡಿದು, ತಗ್ಗು ಹುಡುಕಿಕೊಂಡು ಹರಿಯುತ್ತದೆ. ಶಿರಸಿ, ಸಿದ್ದಾಪುರದ ಕಡೆಯ ಮನೆಗಳಲ್ಲಿ ಅಂಗಳಕ್ಕೂ ಬಚ್ಚಲಿಗೂ ನಾಲ್ಕು ಹೆಜ್ಜೆ. ಬಚ್ಚಲ ಒಲೆಯಲ್ಲಿ ದಿನವಿಡೀ ಕೆಂಡ ಇರುತ್ತದೆ. ಸುಗ್ಗಿಯಲ್ಲಿ ಅಡಿಕೆ ಬೇಯಿಸುವ ಒಲೆ ಬೇರೆ. ಕಣ್ಣಿಗೆ ಕಾಣದ ಆವಿ ಅಲ್ಲಿಗೆ ಹೋಗಿ, ಅಲ್ಲಿ ಹೊತ್ತಿಕೊಂಡು, ಬಂದ ದಾರಿಯಲ್ಲೇ ಟ್ಯಾಂಕಿಗೆ ವಾಪಸಾಗುತ್ತದೆ. ಮಳೆಗಾಲದಲ್ಲಿ ಇನ್ನೂ ಕಷ್ಟ. ಗಾಡಿಯನ್ನು ಕೊಟ್ಟಿಗೆಯೊಳಗೆ ನಿಲ್ಲಿಸಿ, ಸುತ್ತ ಪ್ಲಾಸ್ಟಿಕ್ ಕಟ್ಟಿ, ಸೊಳ್ಳೆಗೆ ಹೊಗೆ ಹಾಕಿಕೊಂಡು ಕೆಲಸಕ್ಕೆ ಕೂತುಬಿಡುತ್ತಾರೆ. ಕೈ ಮುಗಿದು ಹೇಳುತ್ತೇನೆ, ಹಾಗೆ ಮಾಡಬೇಡಿ. ಮಳೆ ಹೊಳವಾಗುವವರೆಗೆ ಕಾದು, ಬಯಲಿನಲ್ಲೇ ಮಾಡಿ.

ಇನ್ನೊಂದು ಸಂಗತಿ ನನ್ನನ್ನು ಕಾಡುತ್ತದೆ. ಪಂಪ್ ಸುಟ್ಟರೆ ದೃಷ್ಟಿ ಬಿತ್ತು ಎನ್ನುವವರಿದ್ದಾರೆ. ಹೊಸ ಪಂಪ್ ಕೂರಿಸಿದ ತಕ್ಷಣ ಅದೇ ಅಂಗಳದಲ್ಲಿ ನಿಂಬೆಹಣ್ಣು ಇಟ್ಟು ಕರ್ಪೂರ ಹಚ್ಚುತ್ತಾರೆ. ನೆಲದಲ್ಲಿ ಚೆಲ್ಲಿದ ಪೆಟ್ರೋಲ್ ಇನ್ನೂ ಆರಿರುವುದಿಲ್ಲ. ದೇವರ ಮೇಲಿನ ಭಕ್ತಿಗೆ ನನ್ನ ತಕರಾರಿಲ್ಲ, ಆ ಹೊತ್ತಿಗೆ ಆ ಜಾಗದಲ್ಲಿ ಬೆಂಕಿ ಬೇಡ. ಪಂಪ್ ಸಾಯಲು ಕಾರಣಗಳು ಸುಮ್ನೆ ಅಲ್ಲೇ ಇರುತ್ತವೆ: ಸದಾ ರಿಸರ್ವಿನಲ್ಲಿ ಓಡಿಸಿ ತಂಪು ಸಿಗದ ಮೋಟರ್, ಕಸ ಕಟ್ಟಿದ ಜಾಲರಿ, ಟ್ಯಾಂಕಿಗೆ ಸೇರಿದ ನೀರು. ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ, ಆದ್ದರಿಂದ ನಮ್ಮ ಮಳೆನಾಡಿನಲ್ಲಿ ಟ್ಯಾಂಕಿನ ಮುಚ್ಚಳದ ರಬ್ಬರ್ ಸರಿ ಇದೆಯೇ ಎಂದು ನೋಡುವುದು ಯಾವ ನಿಂಬೆಹಣ್ಣಿಗಿಂತಲೂ ಒಳ್ಳೆಯದು. ಬೇಸಿಗೆಯಲ್ಲಿ ಟ್ಯಾಂಕ್ ಫುಲ್ ಮಾಡಿದರೆ ಸಿಡಿಯುತ್ತದೆ ಎಂದು ಇಂಡಿಯನ್ ಆಯಿಲ್ ಹೆಸರಿನಲ್ಲಿ ಪ್ರತಿ ವರ್ಷ ವಾಟ್ಸ್ಆ್ಯಪ್‌ನಲ್ಲಿ ಓಡಾಡುವ ಸಂದೇಶವೂ ಸುಳ್ಳು. ಆ ಕಂಪನಿಯೇ ಅದನ್ನು ಅಲ್ಲಗಳೆದಿದೆ.

ಪಂಪನ್ನು ಟ್ಯಾಂಕಿನೊಳಗೇ ಯಾಕೆ ಇಟ್ಟರು? ಹಿಂದೆ ಕಾರ್ಬ್ಯುರೇಟರ್ ಗಾಡಿಗಳಲ್ಲಿ ಪಂಪ್ ಎಂಜಿನ್ನಿಗೆ ಅಂಟಿಕೊಂಡಿತ್ತು, ದೂರದಿಂದ ಪೆಟ್ರೋಲ್ ಎಳೆಯುತ್ತಿತ್ತು. ಎಳೆಯುವಾಗ ಪೈಪಿನಲ್ಲಿ ಒತ್ತಡ ಕಡಿಮೆಯಾಗುತ್ತದೆ, ಕಡಿಮೆ ಒತ್ತಡದಲ್ಲಿ ಪೆಟ್ರೋಲ್ ಬೇಗ ಕುದಿಯುತ್ತದೆ. ಬೇಸಿಗೆಯಲ್ಲಿ ಅರಬೈಲ್ ಘಾಟಿ, ದೇವಿಮನೆ ಘಾಟಿ ಹತ್ತುವಾಗ ಅಂಬಾಸಡರ್ ನಿಂತುಬಿಟ್ಟರೆ, ಡ್ರೈವರ್ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕುತ್ತಿದ್ದುದು ಹಿರಿಯರಿಗೆ ನೆನಪಿರಬಹುದು. ಪೈಪಿನಲ್ಲಿ ಆವಿಯ ಗುಳ್ಳೆ ಸಿಕ್ಕಿಕೊಂಡಿರುತ್ತಿತ್ತು. ಟ್ಯಾಂಕಿನೊಳಗಿನ ಪಂಪ್ ಎಳೆಯುವುದಿಲ್ಲ, ಹಿಂದಿನಿಂದ ದೂಡುತ್ತದೆ. ಮೂರು ನಾಲ್ಕು ಬಾರ್ ಒತ್ತಡದಲ್ಲಿ ದೂಡಿದಾಗ ಪೆಟ್ರೋಲಿಗೆ ಕುದಿಯಲು ಅವಕಾಶವೇ ಕಡಿಮೆ.

ಕೆಲಸದ ಕ್ರಮ ಕಷ್ಟದ್ದೇನಲ್ಲ. ಸೆಲ್ಫ್ ಹೊಡೆದರೂ ಸ್ಟಾರ್ಟ್ ಆಗದಿದ್ದರೆ ನೇರ ಪಂಪಿನ ಮೇಲೆ ತಪ್ಪು ಹೊರಿಸಬೇಡಿ. ಕೀ ಆನ್ ಮಾಡಿದಾಗ ಹಿಂದಿನಿಂದ ಎರಡು ಮೂರು ಸೆಕೆಂಡ್ ಗುಂಯ್ ಅನ್ನುತ್ತದೆಯೇ ಕೇಳಿ. ಇಲ್ಲದಿದ್ದರೆ ಫ್ಯೂಸ್, ರಿಲೇ ನೋಡಿ. ಎಂಜಿನ್ ಇನ್ನೂ ಓಡುತ್ತಿದ್ದರೆ ಪಂಪಿನ ಫ್ಯೂಸ್ ಕಿತ್ತು ಅದು ತಾನಾಗಿ ನಿಲ್ಲುವವರೆಗೆ ಬಿಡಿ. ಪಂಪ್ ಪೂರ್ತಿ ಸತ್ತಿದ್ದರೆ ಫ್ಯೂಸ್ ಕಿತ್ತ ಮೇಲೆ ಸ್ವಲ್ಪ ಹೊತ್ತು ಸೆಲ್ಫ್ ಹೊಡೆಯಿರಿ. ಪೈಪಿನ ಒತ್ತಡ ಇಳಿಯುವುದು ಹೀಗೆ. ಆಮೇಲೆ ಬ್ಯಾಟರಿಯ ನೆಗೆಟಿವ್ ಬಿಚ್ಚಿ. ಎಂಜಿನ್ ತಣ್ಣಗಾಗಲಿ. ಪೆಟ್ರೋಲ್ ಬಸಿಯಲು ಪೈಪಿಗೆ ಬಾಯಿ ಹಚ್ಚಿ ಎಳೆಯಬೇಡಿ, ಶ್ವಾಸಕೋಶಕ್ಕೆ ಹೋದರೆ ಆಸ್ಪತ್ರೆಯೇ ಗತಿ. ಕೈಪಂಪಿನಿಂದ, ನೆಲದ ಮೇಲಿಟ್ಟ ಲೋಹದ ಕ್ಯಾನಿಗೆ ಬಸಿಯಿರಿ. ಟ್ಯಾಂಕನ್ನು ಗಟ್ಟಿ ಆಧಾರ ಕೊಟ್ಟು ಇಳಿಸಬೇಕು. ಪಂಪಿನ ಸುತ್ತಲಿನ ಕೆಮ್ಮಣ್ಣನ್ನು ಮೊದಲೇ ಒರೆಸಬೇಕು, ಇಲ್ಲವಾದರೆ ಅದೆಲ್ಲ ಟ್ಯಾಂಕಿಗೇ ಬೀಳುತ್ತದೆ. ಹಿಡಿದಿಡುವ ಬಳೆಯನ್ನು ಉಳಿ, ಸುತ್ತಿಗೆಯಿಂದ ಹೊಡೆಯಬೇಡಿ, ಕಬ್ಬಿಣಕ್ಕೆ ಕಬ್ಬಿಣ ತಾಗಿದರೆ ಕಿಡಿ. ಟಾರ್ಚನ್ನು ಟ್ಯಾಂಕ್ ತೆರೆಯುವ ಮೊದಲೇ ಆನ್ ಮಾಡಿಟ್ಟುಕೊಳ್ಳಿ. ಹಳೆಯ ರಬ್ಬರ್ ರಿಂಗನ್ನು ಮತ್ತೆ ಹಾಕಬೇಡಿ. ಜೋಡಿಸಿ, ಬ್ಯಾಟರಿ ಕೊನೆಗೆ ಕೊಟ್ಟು, ಕೀಯನ್ನು ನಾಲ್ಕೈದು ಸಲ ಆನ್ ಆಫ್ ಮಾಡಿ, ಎಲ್ಲಾದರೂ ಒಸರುತ್ತಿದೆಯೇ ನೋಡಿದ ಮೇಲೆಯೇ ಸ್ಟಾರ್ಟ್ ಮಾಡಿ.

ಇಷ್ಟೆಲ್ಲ ಸರಿಯಾಗಿ ಮಾಡಿದವರೂ ಕೊನೆಗೆ ಒಂದು ಕೆಲಸ ಮಾಡುವುದನ್ನು ಕಂಡಿದ್ದೇನೆ. ಹೊರತೆಗೆದ ಹಳೆ ಪಂಪಿಗೆ ಬ್ಯಾಟರಿಯಿಂದ ನೇರ ವೈರ್ ಕೊಟ್ಟು, ತಿರುಗುತ್ತದೋ ಇಲ್ಲವೋ ನೋಡುವುದು. ಟ್ಯಾಂಕಿನೊಳಗೆ ವರ್ಷಗಟ್ಟಲೆ ಹಾರಿದ ಅದೇ ಕಿಡಿ ಈಗ ಗಾಳಿಯಲ್ಲಿ ಹಾರುತ್ತದೆ. ಪಂಪಿನ ಒಳಗೋಡೆ ಪೆಟ್ರೋಲಿನಿಂದ ಒದ್ದೆ, ಒಳಗೆ ಗಾಳಿ ಹೊಕ್ಕಿದೆ, ಆವಿ ಆ ಚಿಕ್ಕ ಕಿಟಕಿಯೊಳಗೇ ಇರುವ ಸಾಧ್ಯತೆ ಇದೆ, ಪಂಪ್ ನಿಮ್ಮ ಕೈಯಲ್ಲಿದೆ. ಪರೀಕ್ಷೆ ಮಾಡಲೇಬೇಕಿದ್ದರೆ ಟ್ಯಾಂಕ್ ತೆರೆಯುವ ಮೊದಲೇ ಮಾಡಿ. ಪಂಪಿಗೆ ಹೋಗುವ ಕನೆಕ್ಟರಿಗೆ ವೋಲ್ಟೇಜ್ ಅಳೆಯುವ ಮಲ್ಟಿಮೀಟರ್ ಹಿಡಿದು ಕೀ ಆನ್ ಮಾಡಿಸಿ. 12 ವೋಲ್ಟ್ ಬರುತ್ತಿದೆ, ಅರ್ಥ್ ಸರಿ ಇದೆ, ಆದರೂ ಪಂಪ್ ಸುಮ್ಮನಿದೆ ಎಂದಾದರೆ ಅದು ಹೋಗಿದೆ. ಹೊರಗೆ ತೆಗೆದು ತಿರುಗಿಸಿ ನೋಡುವ ಅಗತ್ಯವಿಲ್ಲ.