‘ಎಲ್ಲ’ ಎಂಬ ಎರಡಕ್ಷರ

ಪದವಿ ತರಗತಿಗಳಿಗೆ ಅಮೆರಿಕದ ಇತಿಹಾಸ ಬೋಧಿಸುವ ನನಗೆ ಮೌಲ್ಯಮಾಪನದ ಕೊಠಡಿಯಲ್ಲಿ ವರ್ಷವರ್ಷವೂ ಎದುರಾಗುವ ವಾಕ್ಯವೊಂದಿದೆ: ‘1863ರ ಜನವರಿ 1ರಂದು ಲಿಂಕನ್ ಅಮೆರಿಕದ ಎಲ್ಲ ಗುಲಾಮರನ್ನು ಬಿಡುಗಡೆ ಮಾಡಿದರು.’ ಇಸವಿ ಸರಿ, ತಾರೀಖು ಸರಿ, ಹೆಸರೂ ಸರಿ. ‘ಎಲ್ಲ’ ಎಂಬ ಎರಡಕ್ಷರ ಮಾತ್ರ ತಪ್ಪು. ಅದರ ಕೆಳಗೆ ಕೆಂಪು ಗೆರೆ ಎಳೆದು, ಅಂಕ ಕಳೆಯಲು ಮನಸ್ಸು ಬಾರದೆ ಪುಟ ತಿರುವುತ್ತೇನೆ.

ಲಿಂಕನ್ ಅಂದು ಹೊರಡಿಸಿದ ವಿಮೋಚನಾ ಘೋಷಣೆ ಅನ್ವಯಿಸಿದ್ದು, ಆಗ ನಡೆಯುತ್ತಿದ್ದ ಅಂತರ್ಯುದ್ಧದಲ್ಲಿ ಒಕ್ಕೂಟದ, ಅಂದರೆ ಲಿಂಕನ್ ಸರ್ಕಾರದ, ವಿರುದ್ಧ ಬಂಡೆದ್ದಿದ್ದ ದಕ್ಷಿಣದ ಪ್ರದೇಶಗಳಿಗೆ ಮಾತ್ರ. ಗುಲಾಮಗಿರಿ ಇದ್ದೂ ಒಕ್ಕೂಟದಲ್ಲೇ ಉಳಿದಿದ್ದ ಡೆಲವೇರ್, ಮೇರಿಲ್ಯಾಂಡ್, ಕೆಂಟಕಿ, ಮಿಸೌರಿಗಳನ್ನು ಅದು ಮುಟ್ಟಲಿಲ್ಲ. ಟೆನೆಸ್ಸಿ ಅದರ ಪಟ್ಟಿಯಲ್ಲೇ ಇರಲಿಲ್ಲ. ಒಕ್ಕೂಟದ ಸೇನೆ ಆಗಲೇ ವಶಪಡಿಸಿಕೊಂಡಿದ್ದ ನ್ಯೂ ಆರ್ಲಿಯನ್ಸ್ ನಗರವನ್ನು ಹೆಸರಿಸಿಯೇ ಹೊರಗಿಟ್ಟಿತ್ತು. ರಾಜ್ಯವೊಂದರೊಳಗಿನ ಗುಲಾಮಗಿರಿಯನ್ನು ತಾನಾಗಿ ರದ್ದುಪಡಿಸುವ ಅಧಿಕಾರವನ್ನು ಸಂವಿಧಾನ ಅಧ್ಯಕ್ಷರಿಗೆ ಕೊಟ್ಟಿರಲಿಲ್ಲ. ಲಿಂಕನ್ ಸಹಿ ಹಾಕಿದ್ದು ಸೇನೆಯ ಸರ್ವೋಚ್ಚ ದಂಡನಾಯಕರಾಗಿ, ಶತ್ರುವಿನ ಬಲವನ್ನು ಕುಂದಿಸುವ ಯುದ್ಧಕ್ರಮಕ್ಕೆ. ಶತ್ರುವಲ್ಲದವನ ಹೊಲಕ್ಕೆ ಆ ಆಜ್ಞೆ ಕಾಲಿಡುವಂತಿರಲಿಲ್ಲ. ಇದೊಂದನ್ನು ನಾನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ.

ಹೀಗೆ ಹೇಳಿ ಮುಗಿಸಿದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದುನಿಂತು, “ಹಾಗಾದ್ರೆ ಅದು ಬರೀ ಕಾಗದದ ಮಾತು ಅಲ್ವಾ ಸರ್?” ಎಂದು ಕೇಳಿದ್ದಳು. ಬಾಯಿಪಾಠದ ತಪ್ಪಿಗಿಂತ ಈ ಚುರುಕಿನ ತಪ್ಪು ನನಗೆ ಪ್ರಿಯ, ಆದರೂ ಅದು ತಪ್ಪೇ. ಘೋಷಣೆಯ ಕರಡನ್ನು ಲಿಂಕನ್ 1862ರ ಜುಲೈನಲ್ಲೇ ಸಂಪುಟದ ಮುಂದಿಟ್ಟಿದ್ದರು. ಸೋಲಿನ ಮೇಲೆ ಸೋಲಾಗುತ್ತಿರುವಾಗ ಹೊರಡಿಸಿದರೆ ದಿಕ್ಕುಗೆಟ್ಟವರ ಕೂಗಿನಂತೆ ಕೇಳೀತೆಂದು ವಿದೇಶಾಂಗ ಕಾರ್ಯದರ್ಶಿ ಸೆವಾರ್ಡ್ ತಡೆದರು. ಸೆಪ್ಟೆಂಬರ್ 17ರಂದು ಮೇರಿಲ್ಯಾಂಡಿನ ಆಂಟಿಟಮ್‌ನಲ್ಲಿ ಒಂದೇ ದಿನಕ್ಕೆ ಎರಡೂ ಕಡೆ ಸೇರಿ ಸುಮಾರು 23,000 ಮಂದಿ ಸತ್ತರು, ಗಾಯಗೊಂಡರು ಇಲ್ಲವೇ ಕಾಣೆಯಾದರು. ಗೆಲುವೆಂದು ಕರೆಯಲು ಸಂಕೋಚವಾಗುವಂಥ ಕಾಳಗವದು, ಆದರೆ ದಕ್ಷಿಣದ ಸೇನಾಪತಿ ಲೀ ಪೊಟೊಮ್ಯಾಕ್ ನದಿ ದಾಟಿ ಹಿಂದೆ ಸರಿದರು, ಲಿಂಕನ್‌ಗೆ ಅಷ್ಟು ಸಾಕಾಯಿತು. ಐದೇ ದಿನಗಳಲ್ಲಿ ಪ್ರಾಥಮಿಕ ಘೋಷಣೆ ಹೊರಬಿತ್ತು.

ಅಲ್ಲಿಂದಾಚೆ ಒಕ್ಕೂಟದ ಸೇನೆ ಮುನ್ನಡೆದ ಕಡೆಯಲ್ಲೆಲ್ಲ ಬಿಡುಗಡೆಯೂ ಅದರ ಹೆಜ್ಜೆಯ ಜೊತೆಗೇ ನಡೆಯಿತು. ಯುದ್ಧ ಮುಗಿಯುವುದರೊಳಗೆ ಸುಮಾರು 1,80,000 ಕಪ್ಪು ಜನರು ಆ ಸೇನೆಯಲ್ಲಿ ಸೈನಿಕರಾಗಿದ್ದರು. ಅಮೆರಿಕದ ಹತ್ತಿ ನಿಂತುಹೋಗಿ ಧಾರವಾಡ ಸೀಮೆಯ ಹತ್ತಿಗೂ ಬೆಲೆ ಏರಿದ್ದ ಆ ಕಾಲದಲ್ಲಿ ಬ್ರಿಟನ್ ದಕ್ಷಿಣಕ್ಕೆ ಪ್ರತ್ಯೇಕ ದೇಶವೆಂಬ ಮನ್ನಣೆ ಕೊಟ್ಟೀತೆಂಬ ಭಯವಿತ್ತು. ಹೋರಾಟ ಗುಲಾಮಗಿರಿಯ ವಿರುದ್ಧ ಎಂದು ಬಹಿರಂಗವಾದ ಮೇಲೆ ಅದು ಕಷ್ಟವಾಯಿತು.

ಯುದ್ಧದ ತಿರುವು ಯಾವುದೆಂದರೆ ಗೆಟ್ಟಿಸ್‌ಬರ್ಗ್ ಕಾಳಗ ಎಂದು ಎಲ್ಲರೂ ಬರೆಯುತ್ತಾರೆ. ನಾನು ತಕರಾರು ಮಾಡುವುದಿಲ್ಲ, ಆದರೆ ಅದು ಮುಗಿದ ಮರುದಿನ, 1863ರ ಜುಲೈ 4ರಂದು, ವಿಕ್ಸ್‌ಬರ್ಗ್ ಪಟ್ಟಣ ಒಕ್ಕೂಟದ ಸೇನಾಪತಿ ಗ್ರಾಂಟರಿಗೆ ಶರಣಾಗಿ ಮಿಸಿಸಿಪ್ಪಿ ನದಿಯ ಹಿಡಿತ ದಕ್ಷಿಣದ ಕೈತಪ್ಪತೊಡಗಿದ್ದನ್ನು ಬರೆಯುವವರು ವಿರಳ. 1864ರ ಸೆಪ್ಟೆಂಬರಿನಲ್ಲಿ ದಕ್ಷಿಣದ ಅಟ್ಲಾಂಟಾ ನಗರ ಒಕ್ಕೂಟದ ವಶವಾಗಿರದಿದ್ದರೆ ನವೆಂಬರಿನ ಅಧ್ಯಕ್ಷ ಚುನಾವಣೆ ಏನಾಗುತ್ತಿತ್ತೋ ಹೇಳಲಾಗದು. ತಾವು ಸೋಲುವುದೇ ಹೆಚ್ಚು ಸಂಭವವೆಂದು ಲಿಂಕನ್ ಆಗಸ್ಟಿನಲ್ಲಿ ಬರೆದಿಟ್ಟಿದ್ದರು.

ಆ ಹುಡುಗಿಗೆ ಅಂದು ಕೊನೆಗೆ ತೋರಿಸಿದ್ದು ಕೆಂಟಕಿಯನ್ನು. ಮೇರಿಲ್ಯಾಂಡ್ ಮತ್ತು ಮಿಸೌರಿ ಯುದ್ಧ ಮುಗಿಯುವ ಮೊದಲೇ ತಾವಾಗಿ ಗುಲಾಮಗಿರಿಯನ್ನು ತೊಡೆದುಹಾಕಿದ್ದವು. ಆದರೆ ಕೆಂಟಕಿಯಲ್ಲಿ, ಡೆಲವೇರ್‌ನಲ್ಲಿದ್ದಂತೆಯೇ, ಲೀ ಶರಣಾಗಿ ಎಂಟು ತಿಂಗಳು ಕಳೆದು 1865ರ ಡಿಸೆಂಬರಿನಲ್ಲಿ ಗುಲಾಮಗಿರಿಯನ್ನು ರದ್ದುಪಡಿಸುವ ಸಂವಿಧಾನದ 13ನೇ ತಿದ್ದುಪಡಿ ಜಾರಿಗೆ ಬರುವವರೆಗೂ, ಮನುಷ್ಯರನ್ನು ಸೊತ್ತಾಗಿ ಇಟ್ಟುಕೊಳ್ಳುವುದು ಕಾನೂನುಬದ್ಧವಾಗಿಯೇ ಇತ್ತು. ಲಿಂಕನ್ ಹುಟ್ಟಿದ್ದು ಅದೇ ರಾಜ್ಯದಲ್ಲಿ.