ಗೊರಟು ನುಂಗಿದ ನಾಯಿಗೆ ಸ್ಕ್ಯಾನಿಂಗ್

ಮಾವಿನ ಕಾಲದಲ್ಲಿ ಕಾಸರಗೋಡಿನ ತೋಟದ ಮನೆಗಳ ನಾಯಿಗಳಿಗೆ ಅಪಾಯ ಅಂಗಳದಲ್ಲೇ ಬಿದ್ದಿರುತ್ತದೆ. ಚೀಪಿ ಎಸೆದ ಕಾಟು ಮಾವಿನ ಗೊರಟನ್ನು ಇಡಿಯಾಗಿ ನುಂಗಿದ ನಾಯಿ ಒಂದೆರಡು ದಿನ ಕಳೆದು ವಾಂತಿ ಮಾಡತೊಡಗುತ್ತದೆ. ಗೊರಟು ಎಲುಬಿನಷ್ಟು ದಟ್ಟವಲ್ಲ, ಎಕ್ಸ್‌ರೇಯಲ್ಲಿ ಎಷ್ಟೋ ಸಲ ತಪ್ಪಿಹೋಗುತ್ತದೆ. ಅಲ್ಟ್ರಾಸೌಂಡ್ ಸ್ಕ್ಯಾನಿಂಗ್‌ನಲ್ಲಿ ಅದು ಬಿಲ್ಲಿನಂತೆ ಬಾಗಿದ ಬಿಳಿ ಗೆರೆ. ಅಡಿಯಲ್ಲಿ ಕಪ್ಪು ನೆರಳು. ಗೊರಟಿನ ಹಿಂದಿನ, ಅಂದರೆ ಜಠರದ ಕಡೆಯ ಕರುಳು ನೀರು ತುಂಬಿ ಉಬ್ಬಿರುತ್ತದೆ, ಮುಂದಿನದು ಬರಿದು.

ಹೊಟ್ಟೆಯ ಮೇಲೆ ಒತ್ತಿ ಹಿಡಿಯುವ ಪ್ರೋಬ್ ಕಳಿಸುವ ಶಬ್ದ ಮೈಯೊಳಗೆ ಸೆಕೆಂಡಿಗೆ ಸುಮಾರು 1540 ಮೀಟರ್ ವೇಗದಲ್ಲಿ ಸಾಗುತ್ತದೆ. 5 ಸೆಂ.ಮೀ. ಆಳಕ್ಕೆ ಹೋಗಿ ಮರಳಲು ಬೇಕಾದದ್ದು 65 ಮೈಕ್ರೊಸೆಕೆಂಡ್. ಆ ಹೊತ್ತನ್ನು ಅಳೆದೇ ಯಂತ್ರ ಚಿತ್ರ ಬಿಡಿಸುತ್ತದೆ. ಈ ಶಬ್ದದ ಕಂಪನಸಂಖ್ಯೆ ಬೆಕ್ಕು, ಸಣ್ಣ ನಾಯಿಗಳಿಗೆ 7.5ರಿಂದ 10 ಮೆಗಾಹರ್ಟ್ಸ್, ದೊಡ್ಡ ನಾಯಿಗೆ 5ರ ಆಸುಪಾಸು.

ಈ ಶಬ್ದಕ್ಕೆ ಗಾಳಿಯೇ ಶತ್ರು. ಗಾಳಿ ತಾಗಿದಲ್ಲಿಂದ ಅದು ಬಹುಪಾಲು ಹಿಂದಿರುಗುತ್ತದೆ, ಆಚೆಯದೇನೂ ಕಾಣಿಸದು. ಕೂದಲಿನ ಎಡೆಯಲ್ಲಿ ಗಾಳಿ ನಿಲ್ಲುವುದರಿಂದಲೇ ಹೊಟ್ಟೆ ಬೋಳಿಸಿ ಜೆಲ್ ಹಚ್ಚುವುದು. ಚಂದ ಕೆಡುತ್ತದೆಂದು ಬೋಳಿಸಲು ಬಿಡದವರಿದ್ದಾರೆ. ಅಲ್ಲಿಗೆ ಕೊಟ್ಟ ದುಡ್ಡು ಅರ್ಧ ನೀರುಪಾಲು. ಸ್ಕ್ಯಾನಿಂಗ್‌ಗೆ ಮೊದಲು ಬೆಳೆದ ನಾಯಿಗೆ 8ರಿಂದ 12 ಗಂಟೆ ಹೊತ್ತು ಅನ್ನ ಹಾಕಬೇಡಿ, ನೀರು ಕೊಡಿ. ಮರಿಗಳನ್ನು ಅಷ್ಟು ಹೊತ್ತು ಉಪವಾಸ ಕೆಡವಬಾರದು. ತುರ್ತಾದರೆ ಯಾರಿಗೂ ಉಪವಾಸ ಬೇಡ. ಏದುಸಿರು ಬಿಡುವ ನಾಯಿ ಗಾಳಿ ನುಂಗುತ್ತದೆ, ಬಿಸಿಲೇರುವ ಮೊದಲೇ ಹೊರಡುವುದು ಒಳ್ಳೆಯದು. ಬದಿಯಡ್ಕ, ಪೆರ್ಲದಿಂದ ಮಂಗಳೂರಿಗೆ ಹೋಗುವವರು ಗಮನಿಸಬೇಕಾದ ಇನ್ನೊಂದಿದೆ: ಗಾಡಿಯಿಂದ ಇಳಿದ ನಾಯಿ ಕಂಬ ಕಂಬಕ್ಕೂ ಮೂತ್ರ ಹೊಯ್ದರೆ ಮೂತ್ರಕೋಶ ಬರಿದಾಗಿ ಒಳಗಿನ ಕಲ್ಲು ಕಾಣಿಸುವುದು ಕಷ್ಟ. ಕಲ್ಲೋ ಗಾಳಿಗುಳ್ಳೆಯೋ ಎಂಬ ಸಂಶಯ ಬಂದರೆ ನಾಯಿಯನ್ನು ಮಗ್ಗುಲು ಬದಲಿಸಿ ಮಲಗಿಸುತ್ತಾರೆ. ಕಲ್ಲು ತಗ್ಗಿಗೆ ಜಾರುತ್ತದೆ, ಗುಳ್ಳೆ ಮೇಲೇಳುತ್ತದೆ.

ಗಬ್ಬದ ನಾಯಿಯಲ್ಲಿ ಮರಿಯ ಎದೆಬಡಿತ ಸುಮಾರು 25ನೇ ದಿನದಿಂದ ಕಾಣಿಸುತ್ತದೆ. ಎಷ್ಟು ಮರಿ ಎಂಬ ಲೆಕ್ಕಕ್ಕೆ ಮಾತ್ರ ಸ್ಕ್ಯಾನಿಂಗನ್ನು ನಂಬಬೇಡಿ, ಒಂದೇ ಮರಿ ಎರಡು ಸಲ ಎಣಿಕೆಗೆ ಸಿಗುತ್ತದೆ. ಎಲುಬು ಗಟ್ಟಿಯಾದ ಮೇಲೆ, 55 ದಿನ ಕಳೆದು, ಎಕ್ಸ್‌ರೇಯೇ ಸರಿ.

ಮಳೆಗಾಲದ ಉಣ್ಣಿ ಜ್ವರದಲ್ಲಿ ಗುಲ್ಮ ಊದಿರುವುದು ಸ್ಕ್ಯಾನಿಂಗ್‌ನಲ್ಲಿ ಕಾಣಿಸುತ್ತದೆ. ಊದಿದ್ದು ಯಾವ ರೋಗಾಣುವಿನಿಂದ ಎಂದು ತಿಳಿಯಲು ರಕ್ತಪರೀಕ್ಷೆಯೇ ಬೇಕು. ಹೊರಡುವಾಗ ಹಳೆಯ ರಿಪೋರ್ಟುಗಳನ್ನೂ ಚೀಲಕ್ಕೆ ಹಾಕಿಕೊಳ್ಳಿ.