ಕ್ರೈಸ್ತ–ಮುಸ್ಲಿಂ ಸಂಬಂಧಗಳ ಆಕರಗಳನ್ನು ಓದುವ ಬಗೆ: ಒಂದು ಅಧ್ಯಯನ ಟಿಪ್ಪಣಿ

ಕ್ರೈಸ್ತರು ಮತ್ತು ಮುಸ್ಲಿಮರ ನಡುವಣ ಸಂಬಂಧಗಳ ಇತಿಹಾಸವನ್ನು ಓದತೊಡಗಿದವರಿಗೆ ಮೊದಲು ಎದುರಾಗುವುದು ಖಂಡನ ಗ್ರಂಥಗಳ ರಾಶಿ. ಎರಡೂ ಕಡೆಯ ಪಂಡಿತರು ಒಬ್ಬರ ನಂಬಿಕೆಯನ್ನು ಇನ್ನೊಬ್ಬರು ನಿರಾಕರಿಸಿ ಬರೆದದ್ದೇ ಹೆಚ್ಚಾಗಿ ಉಳಿದುಬಂದಿರುವುದರಿಂದ, ಈ ಸಂಬಂಧವೆಂದರೆ ಬರಿಯ ವಾದ ಪ್ರತಿವಾದಗಳ ಸರಣಿ ಎಂದು ಭಾವಿಸಿಬಿಡುವ ಅಪಾಯವಿದೆ. ಈ ಅಪಾಯದಿಂದ ಪಾರಾಗಲು ನನಗೆ ಅತ್ಯಂತ ಉಪಯುಕ್ತವೆನಿಸಿದ್ದು ಒಂದೇ ಪ್ರಶ್ನೆ: ಕೈಯಲ್ಲಿರುವ ಬರಹ ಯಾವ ಭಾಷೆಯಲ್ಲಿದೆ, ಅಂದರೆ ಅದನ್ನು ಯಾರು ಓದಲೆಂದು ಬರೆಯಲಾಯಿತು? ಎದುರಾಳಿಗೆ ಓದಲು ಬಾರದ ಭಾಷೆಯಲ್ಲಿ ಬರೆದ ಖಂಡನೆ ಎದುರಾಳಿಗಾಗಿ ಬರೆದದ್ದಲ್ಲ. ಅದು ತನ್ನವರಿಗೆ ಧೈರ್ಯ ಹೇಳುವ ಬರಹ. ಹೀಗೆ ನೋಡಿದಾಗ ಅದೇ ಗ್ರಂಥ ಬೇರೆಯೇ ಸಾಕ್ಷ್ಯ ನುಡಿಯುತ್ತದೆ.

ಮೊದಲಿಗೆ ಕುರ್‌ಆನಿನ ನಿಲುವನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು, ಏಕೆಂದರೆ ಮುಂದಿನ ಚರ್ಚೆಗಳೆಲ್ಲ ಅಲ್ಲಿಂದಲೇ ಹೊರಡುತ್ತವೆ. ಕ್ರೈಸ್ತರನ್ನೂ ಯೆಹೂದ್ಯರನ್ನೂ ಅದು ‘ಗ್ರಂಥದವರು’ ಎಂದು ಕರೆಯುತ್ತದೆ. ಐದನೆಯ ಅಧ್ಯಾಯದ 82ನೆಯ ವಚನವು ಕ್ರೈಸ್ತರನ್ನು ವಿಶ್ವಾಸಿಗಳಿಗೆ ಒಲವಿನಲ್ಲಿ ಅತಿ ಹತ್ತಿರದವರೆಂದರೆ, ಒಂಬತ್ತನೆಯ ಅಧ್ಯಾಯದ 29ನೆಯ ವಚನವು ಗ್ರಂಥದವರಿಂದ ಜಿಝ್ಯಾ (ಮುಸ್ಲಿಮೇತರ ಪ್ರಜೆಗಳು ಕೊಡುವ) ತೆರಿಗೆ ಪಡೆಯುವವರೆಗೆ ಹೋರಾಡುವ ಮಾತನ್ನಾಡುತ್ತದೆ. ನಾಲ್ಕನೆಯ ಅಧ್ಯಾಯದ 171ನೆಯ ವಚನವು ಯೇಸುವನ್ನು ದೇವರ ವಚನವೆಂದೂ ಅವನಿಂದ ಬಂದ ಆತ್ಮವೆಂದೂ ಹೇಳುತ್ತಲೇ ದೇವರನ್ನು ‘ಮೂರು’ ಎನ್ನಬೇಡಿರಿ ಎಂದು ಎಚ್ಚರಿಸುತ್ತದೆ. ಇವುಗಳಲ್ಲಿ ಯಾವುದೋ ಒಂದನ್ನೇ ಎತ್ತಿಕೊಂಡು ಇಡೀ ಸಂಬಂಧವನ್ನು ವಿವರಿಸುವ ಬರಹಗಳನ್ನು, ಅವು ಯಾವ ಕಡೆಯಿಂದ ಬಂದಿದ್ದರೂ, ಎಚ್ಚರಿಕೆಯಿಂದ ಓದಬೇಕು.

ಕ್ರೈಸ್ತರ ಕಡೆಯ ಆರಂಭದ ಬರಹಗಳಲ್ಲಿ ಹೆಚ್ಚು ಉಲ್ಲೇಖಗೊಳ್ಳುವುದು ದಮಾಸ್ಕಸ್‌ನ ಯೋಹಾನನದು. ಅವನ ಮನೆತನ ಉಮಯ್ಯಾದ್ ಖಲೀಫರ ಕಂದಾಯ ಆಡಳಿತದಲ್ಲಿ ಸೇವೆ ಸಲ್ಲಿಸಿತ್ತು. ಅವನು ಮುಂದೆ ಸನ್ಯಾಸಿಯಾಗಿ, ಎಂಟನೆಯ ಶತಮಾನದ ಮೊದಲ ಅರ್ಧದಲ್ಲಿ, ಪಾಷಂಡ ಮತಗಳನ್ನು ಕುರಿತ ತನ್ನ ಗ್ರಂಥದ ಕೊನೆಯಲ್ಲಿ ‘ಇಷ್ಮಾಯೇಲರ’, ಅಂದರೆ ಮುಸ್ಲಿಮರ, ಮತವನ್ನೂ ಸೇರಿಸಿದ. ಗೋವು, ಸ್ತ್ರೀ ಮುಂತಾದ ಕುರ್‌ಆನ್ ಅಧ್ಯಾಯಗಳ ಹೆಸರು ಅವನಿಗೆ ಗೊತ್ತು. ಜೊತೆಗೆ ‘ದೇವರ ಒಂಟೆ’ ಎಂಬ, ಆ ಹೆಸರಿನಲ್ಲಿ ಕುರ್‌ಆನಿನಲ್ಲಿಲ್ಲದ ಅಧ್ಯಾಯವನ್ನೂ ಹೆಸರಿಸುತ್ತಾನೆ. ಸಾಲಿಹ್ ಪ್ರವಾದಿಯ ಹೆಣ್ಣೊಂಟೆಯ ಕಥೆ ಮಾತ್ರ ಕುರ್‌ಆನಿನಲ್ಲಿದೆ. ಅವನ ತಿಳಿವಳಿಕೆ ಎಷ್ಟು ಹತ್ತಿರದ್ದು, ಎಷ್ಟು ಅಪೂರ್ಣ ಎಂಬುದು ಇಷ್ಟರಿಂದಲೇ ಕಾಣುತ್ತದೆ. ಮುಸ್ಲಿಮರು ನಮ್ಮನ್ನು ದೇವರಿಗೆ ಸಹಭಾಗಿಯನ್ನು ಸೇರಿಸುವವರು ಎನ್ನುತ್ತಾರೆ, ಆದರೆ ದೇವರಿಂದ ಅವನ ವಚನವನ್ನೂ ಆತ್ಮವನ್ನೂ ಬೇರ್ಪಡಿಸುವ ಅವರೇ ದೇವರನ್ನು ಕತ್ತರಿಸುವವರು ಎಂಬುದು ಅವನ ವಾದ. ಕುರ್‌ಆನಿನ 4:171ನ್ನೇ ಹಿಡಿದು ಹೂಡಿದ ಈ ಮಾತು ಚುರುಕಾದದ್ದೇ. ಆದರೆ ಅದನ್ನು ಅವನು ಬರೆದದ್ದು ಗ್ರೀಕಿನಲ್ಲಿ. ಖಲೀಫ ಅಬ್ದುಲ್ ಮಲಿಕನ ಕಾಲದಿಂದ ಆಡಳಿತದ ಕಡತಗಳು ಅರಬ್ಬಿಗೆ ತಿರುಗಿದ್ದವು. ಆಳುವವರಿಗೆ ತಲುಪಬೇಕೆಂದಿದ್ದರೆ ಅವನು ಆರಿಸಿಕೊಳ್ಳಬೇಕಾಗಿದ್ದ ಭಾಷೆ ಗ್ರೀಕ್ ಆಗಿರಲಿಲ್ಲ. ಅವನ ನಂತರದ ತಲೆಮಾರಿನಲ್ಲಿ ಹರ್ರಾನಿನ ಬಿಷಪ್ ಥಿಯೊಡೋರ್ ಅಬೂ ಕುರ್ರಾ ಅರಬ್ಬಿಯಲ್ಲಿಯೇ ಕ್ರೈಸ್ತ ಸಿದ್ಧಾಂತ ಬರೆದಾಗ ಮಾತ್ರ, ಈ ವಾದ ಇಬ್ಬರೂ ಓದಬಲ್ಲ ಭಾಷೆಗೆ ಬಂದಿತು.

ಇನ್ನು ಬಾಗ್ದಾದಿನ ಸಂವಾದ. ಈ ಕ್ಷೇತ್ರದ ಎಲ್ಲ ಆಕರಗಳಲ್ಲಿ ನನಗೆ ಅತಿ ಪ್ರಿಯವಾದದ್ದು ಇದೇ ಆದ್ದರಿಂದ ತುಸು ವಿವರವಾಗಿ ಹೇಳುತ್ತೇನೆ. ಇರಾಕ್, ಪರ್ಷಿಯಾಗಳ ಕ್ರೈಸ್ತರ ಚರ್ಚ್ ಆದ ‘ಪೂರ್ವದ ಸಭೆ’ಯ ಮುಖ್ಯಸ್ಥನಾಗಿದ್ದ ಒಂದನೆಯ ತಿಮೊಥೆಯನು ಸುಮಾರು 781ರಲ್ಲಿ ಅಬ್ಬಾಸಿದ್ ಖಲೀಫ ಅಲ್ ಮಹ್ದಿಯ ಎದುರು ಎರಡು ದಿನ ಪ್ರಶ್ನೆಗಳಿಗೆ ಉತ್ತರಿಸಿದ. ನಿಮ್ಮಂಥ ಜ್ಞಾನಿಯು, ದೇವರು ಹೆಣ್ಣನ್ನು ವರಿಸಿ ಮಗನನ್ನು ಪಡೆದನೆಂದು ಹೇಳುವುದು ಸರಿಯೆ ಎಂಬುದು ಖಲೀಫನ ಮೊದಲ ಪ್ರಶ್ನೆ. ಅಂಥ ದೂಷಣೆಯನ್ನು ಯಾವ ಕ್ರೈಸ್ತನೂ ಆಡುವುದಿಲ್ಲ ಎಂದು ತಿಮೊಥೆಯ ಉತ್ತರಿಸಿ, ಸೂರ್ಯನಿಂದ ಬೆಳಕು ಹೊಮ್ಮುವಂತೆ, ಆತ್ಮದಿಂದ ಮಾತು ಹೊರಡುವಂತೆ ಎಂಬ ಉಪಮೆಗಳಿಂದ ಮಗನೆಂಬ ಪದವನ್ನು ವಿವರಿಸುತ್ತಾನೆ. ಮುಹಮ್ಮದರ ಬಗ್ಗೆ ಕೇಳಿದಾಗ, ಅವರು ಜನರನ್ನು ವಿಗ್ರಹಗಳಿಂದ ಬಿಡಿಸಿ ಏಕದೇವನ ಕಡೆಗೆ ತಿರುಗಿಸಿದ್ದರಿಂದ ಪ್ರವಾದಿಗಳ ಹಾದಿಯಲ್ಲಿ ನಡೆದರು ಎನ್ನುತ್ತಾನೆ. ಪ್ರವಾದಿಯೇ ಆಗಿದ್ದರು ಎಂದು ಅವನು ಹೇಳಲಿಲ್ಲ. ಪ್ರವಾದಿಗಳ ಹಾದಿಯಲ್ಲಿ ನಡೆದರು ಎಂದ. ಆ ಎರಡು ಮಾತುಗಳ ನಡುವಿನ ಅಂತರದಲ್ಲಿ ಅವನ ಸೌಜನ್ಯವೂ ಇದೆ, ನಿಷ್ಠೆಯೂ ಇದೆ. ಕತ್ತಲ ಮನೆಯಲ್ಲಿ ಮುತ್ತೊಂದು ಬಿದ್ದಿದೆ, ಪ್ರತಿಯೊಬ್ಬನೂ ಅದು ತನ್ನ ಕೈಗೇ ಸಿಕ್ಕಿದೆಯೆಂದು ತಿಳಿದಿದ್ದಾನೆ, ಬೆಳಕು ಹರಿದಾಗ ನಿಜ ಗೊತ್ತಾಗುತ್ತದೆ ಎಂಬ ದೃಷ್ಟಾಂತವೂ ಇದರಲ್ಲಿಯೇ ಬರುತ್ತದೆ.

ಈಗ ನಮ್ಮ ಪ್ರಶ್ನೆಯನ್ನು ಇದಕ್ಕೂ ಕೇಳೋಣ. ಈ ಸಂವಾದದ ವರದಿ ತಿಮೊಥೆಯನು ಪೂರ್ವದ ಕ್ರೈಸ್ತರ ಭಾಷೆಯಾದ ಸಿರಿಯಾಕ್‌ನಲ್ಲಿ ತನ್ನ ಸಭೆಯವನೊಬ್ಬನಿಗೆ ಬರೆದ ಪತ್ರದ ರೂಪದಲ್ಲಿದೆ. ಅರಬ್ಬಿ ರೂಪಗಳು ಆಮೇಲೆ ಬಂದವು. ಆದ್ದರಿಂದ ಇದನ್ನು ಆಸ್ಥಾನದಲ್ಲಿ ನಡೆದ ಮಾತಿನ ಅಕ್ಷರಶಃ ದಾಖಲೆ ಎನ್ನುವುದಕ್ಕಿಂತ, ಇಂಥ ಪ್ರಶ್ನೆ ಬಂದಾಗ ಕ್ರೈಸ್ತನು ಏನೆಂದು ಉತ್ತರಿಸಬೇಕು ಎಂಬುದರ ಮಾದರಿ ಪಾಠ ಎನ್ನುವುದು ಹೆಚ್ಚು ಸರಿ. ಹಾಗೆಂದು ಅದನ್ನು ಕೇವಲ ಕಲ್ಪನೆಯೆಂದು ತಳ್ಳಿಹಾಕಲೂ ಆಗದು. ಇದೇ ಖಲೀಫನು ಅರಿಸ್ಟಾಟಲನ ವಾದಶಾಸ್ತ್ರದ ಗ್ರಂಥವಾದ ‘ಟಾಪಿಕ್ಸ್’ ಅನ್ನು ಅರಬ್ಬಿಗೆ ತರುವಂತೆ ಇದೇ ತಿಮೊಥೆಯನಿಗೆ ಹೇಳಿದ್ದ ಸಂಗತಿ ಅವನ ಬೇರೊಂದು ಪತ್ರದಿಂದ ತಿಳಿಯುತ್ತದೆ. ವಾದ ಮಾಡುವ ವಿದ್ಯೆಯನ್ನು ಕಲಿಸುವ ಪುಸ್ತಕವನ್ನು ಮುಸ್ಲಿಂ ಅರಸ ಕ್ರೈಸ್ತ ಗುರುವಿನಿಂದ ಕೇಳಿ ಪಡೆದ ಎಂದರೆ, ಆಸ್ಥಾನದಲ್ಲಿ ಅಂಥ ವಾದಗಳಿಗೆ ನಿಜವಾದ ಬೇಡಿಕೆಯಿತ್ತು.

ಖಂಡನ ಗ್ರಂಥಗಳಲ್ಲಿ ಸಾಮಾನ್ಯ ಜನರು ಸಿಗುವುದಿಲ್ಲ. ಅವರನ್ನು ಹುಡುಕಬೇಕಾದದ್ದು ಸಭೆಯ ನಿಯಮಗಳಲ್ಲಿ. 708ರಲ್ಲಿ ತೀರಿಕೊಂಡ ಎಡೆಸ್ಸಾದ ಬಿಷಪ್ ಯಾಕೋಬನಿಗೆ ಧರ್ಮಗುರುಗಳು ಬರೆದು ಕೇಳಿದ ಪ್ರಶ್ನೆಗಳನ್ನೂ ಅವನ ಉತ್ತರಗಳನ್ನೂ ಓದಿ ನೋಡಿ. ಮುಸ್ಲಿಮನನ್ನು ಮದುವೆಯಾದ ಕ್ರೈಸ್ತ ಹೆಂಗಸು, ಪರಮಪ್ರಸಾದ (ಆರಾಧನೆಯ ಪವಿತ್ರ ರೊಟ್ಟಿ, ದ್ರಾಕ್ಷಾರಸ) ಕೊಡದಿದ್ದರೆ ತಾನು ಮತ ಬಿಡುವೆನೆಂದರೆ ಏನು ಮಾಡಬೇಕು? ಪ್ರಾಯಶ್ಚಿತ್ತ ವಿಧಿಸಿಯಾದರೂ ಕೊಡಬಹುದು. ಮುಸ್ಲಿಮನಾಗಿ, ಆಮೇಲೆ ಕ್ರೈಸ್ತ ಮತಕ್ಕೆ ಮರಳಿ ಬಂದವನಿಗೆ ಮತ್ತೆ ದೀಕ್ಷಾಸ್ನಾನ ಬೇಕೆ? ಬೇಡ. ಮುಸ್ಲಿಮರ ಮಕ್ಕಳಿಗೆ ಧರ್ಮಗುರು ಪಾಠ ಹೇಳಬಹುದೆ? ಹೇಳಬಹುದು. ಈ ಪ್ರಶ್ನೆಗಳು ಹುಟ್ಟಬೇಕಾದರೆ ಮದುವೆ, ಮತಾಂತರ, ಮರಳಿ ಬರುವುದು, ಒಟ್ಟಿಗೆ ಓದು ಎಲ್ಲವೂ ಆಗಲೇ ನಡೆಯುತ್ತಿದ್ದಿರಬೇಕು. ನಿಯಮ ಬರೆದವನು ತನ್ನವರಿಗಾಗಿಯೇ ಬರೆದ. ಆದರೆ ಅವನಿಗೆ ಯಾರನ್ನೂ ಮೆಚ್ಚಿಸಬೇಕಾಗಿರಲಿಲ್ಲ, ಸೋಲಿಸಬೇಕಾಗಿರಲಿಲ್ಲ, ಆದ್ದರಿಂದಲೇ ಅವನ ಸಾಕ್ಷ್ಯಕ್ಕೆ ತೂಕ ಹೆಚ್ಚು.

ಪಶ್ಚಿಮ ಯೂರೋಪಿನಲ್ಲಿ ಈ ಕಥೆ ಲ್ಯಾಟಿನ್ನಿನಲ್ಲಿ ನಡೆಯುತ್ತದೆ. ಫ್ರಾನ್ಸಿನ ಕ್ಲೂನಿಯ ಮಠಾಧಿಪತಿ ಪೀಟರ್ 1142ರಲ್ಲಿ ಸ್ಪೇನಿಗೆ ಹೋದಾಗ ಅನುವಾದಕರನ್ನು ನೇಮಿಸಿದ; ಕೆಟನ್ನಿನ ರಾಬರ್ಟ್ 1143ರಲ್ಲಿ ಕುರ್‌ಆನಿನ ಲ್ಯಾಟಿನ್ ಅನುವಾದ ಮುಗಿಸಿದ. ತಾನು ಮುಸ್ಲಿಮರನ್ನು ಆಯುಧದಿಂದಲ್ಲ, ಮಾತಿನಿಂದ ಎದುರಿಸುತ್ತೇನೆಂದು ಪೀಟರ್ ಅವರನ್ನೇ ಉದ್ದೇಶಿಸಿ ಬರೆದರೂ, ಅವರಿಗೆ ಓದಲು ಬಾರದ ಲ್ಯಾಟಿನ್ನಿನಲ್ಲಿಯೇ ಬರೆದ. ರಾಬರ್ಟನ ಅನುವಾದ ಮೂಲಕ್ಕೆ ನಿಷ್ಠವಲ್ಲ ಎಂಬ ದೂರು ಹಳೆಯದು. ಆದರೆ ಅವನು ಸಡಿಲವಾಗಿ ಅನುವಾದಿಸಿದ ಅನೇಕ ಕಡೆ ಮುಸ್ಲಿಂ ವ್ಯಾಖ್ಯಾನಕಾರರ ವಿವರಣೆಯನ್ನೇ ವಾಕ್ಯದೊಳಗೆ ಸೇರಿಸಿದ್ದಾನೆಂದು ಇತಿಹಾಸಕಾರ ಥಾಮಸ್ ಬರ್ಮನ್ ತೋರಿಸಿಕೊಟ್ಟಿದ್ದಾರೆ. ಖಂಡನೆಗೆಂದೇ ತರಿಸಿದ ಅನುವಾದ, ಮುಸ್ಲಿಂ ಪಂಡಿತರ ಓದನ್ನು ಯೂರೋಪಿಗೆ ಒಯ್ದಿತು. ಇದು 1543ರಲ್ಲಿ ಬಾಸೆಲ್‌ನಲ್ಲಿ ಅಚ್ಚಾಗುವವರೆಗೂ, ಆಮೇಲೂ ಓದಿಸಿಕೊಂಡಿತು.

1854ರ ಆಗ್ರಾ ವಾದವನ್ನು ಇಲ್ಲಿ ಚಿಕ್ಕದಾಗಿ ಹೇಳುತ್ತೇನೆ. ಕ್ರೈಸ್ತ ಮಿಷನರಿ ಫಾಂಡರ್ ಮತ್ತು ಮುಸ್ಲಿಂ ಪಂಡಿತ ರಹಮತುಲ್ಲಾ ಕೈರಾನವಿ ಬೈಬಲಿನ ಪಠ್ಯ ಬದಲಾಗಿದೆಯೇ ಎಂಬ ವಿಷಯದ ಮೇಲೆ ಬಹಿರಂಗವಾಗಿ ವಾದಿಸಿದರು. ಬೈಬಲ್ ತಿದ್ದಲ್ಪಟ್ಟಿದೆ ಎಂಬ ವಾದ ಹನ್ನೊಂದನೆಯ ಶತಮಾನದ ಮುಸ್ಲಿಂ ಪಂಡಿತ ಇಬ್ನ್ ಹಜ್ಮನಷ್ಟು ಹಳೆಯದು. ಹೊಸದೆಂದರೆ ಕೈರಾನವಿ ಅದಕ್ಕೆ ಯೂರೋಪಿನ ಬೈಬಲ್ ವಿಮರ್ಶಕರ ಬರಹಗಳನ್ನೇ ಆಧಾರವಾಗಿ ಬಳಸಿದ್ದು. ಈ ಸಲ ಇಬ್ಬರೂ ಒಂದೇ ಭಾಷೆಯಲ್ಲಿ, ಒಂದೇ ಕೇಳುಗರ ಗುಂಪಿನ ಎದುರು ನಿಂತಿದ್ದರು.

ಆಧುನಿಕ ವಿದ್ವತ್ತಿನ ಹೆಗ್ಗುರುತುಗಳು ಕೆಲವೇ ಸಾಕು. ಮಧ್ಯಯುಗದ ಪಶ್ಚಿಮ ಯೂರೋಪು ಇಸ್ಲಾಮಿನ ಬಗ್ಗೆ ಕಟ್ಟಿಕೊಂಡ ವಿಕೃತ ಚಿತ್ರವನ್ನು ನಾರ್ಮನ್ ಡೇನಿಯಲ್ 1960ರಲ್ಲಿ ಬಿಡಿಸಿ ತೋರಿಸಿದರು. 1976ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಈ ಸಂಬಂಧಗಳಿಗೆಂದೇ ಅಧ್ಯಯನ ಕೇಂದ್ರ ಆರಂಭವಾಯಿತು. ಡೇವಿಡ್ ಥಾಮಸ್ ಮತ್ತಿತರರ ಸಂಪಾದಕತ್ವದಲ್ಲಿ 2009ರಿಂದ ಸಂಪುಟಗಳಾಗಿ ಬರುತ್ತಿರುವ ಗ್ರಂಥಸೂಚಿಯು, ಎರಡೂ ಕಡೆಯವರು ಪರಸ್ಪರರ ಬಗ್ಗೆ ಬರೆದುದನ್ನು ಕಾಲಾನುಕ್ರಮದಲ್ಲಿ, ಒಂದೊಂದರ ಹಸ್ತಪ್ರತಿಗಳ ವಿವರದೊಂದಿಗೆ ಪರಿಚಯಿಸುತ್ತದೆ. ಯಾವ ಬರಹ ಯಾವ ಭಾಷೆಯಲ್ಲಿತ್ತು ಎಂಬುದನ್ನು ತಿಳಿಯಲು ನಾನು ಮೊದಲು ತೆರೆಯುವುದು ಅದನ್ನೇ.

ಕೊನೆಯದಾಗಿ ಒಂದು ಅಭ್ಯಾಸ. 2007ರ ಅಕ್ಟೋಬರ್ 13ರಂದು 138 ಮುಸ್ಲಿಂ ವಿದ್ವಾಂಸರು ಮತ್ತು ಮುಖಂಡರು ಪೋಪ್ ಹದಿನಾರನೆಯ ಬೆನೆಡಿಕ್ಟರಿಗೂ ಇತರ ಸಭೆಗಳ ಮುಖ್ಯಸ್ಥರಿಗೂ ಬಹಿರಂಗ ಪತ್ರ ಬರೆದರು. ಅದರ ಶೀರ್ಷಿಕೆ ಕುರ್‌ಆನಿನ 3:64ರದು: ನಮಗೂ ನಿಮಗೂ ಸಮಾನವಾದ ಮಾತಿನ ಕಡೆಗೆ ಬನ್ನಿರಿ. ಪ್ರವಾದಿಯವರು ಬೈಜಾಂಟಿಯಂ ಚಕ್ರವರ್ತಿ ಹೆರಾಕ್ಲಿಯಸನಿಗೆ ಕಳಿಸಿದ್ದೆಂದು ಹದೀಸ್ (ಪ್ರವಾದಿಯವರ ನಡೆನುಡಿಗಳ ವರದಿ) ಹೇಳುವ ಪತ್ರದಲ್ಲಿಯೂ ಇದೇ ವಚನವಿದೆ, ಅಲ್ಲಿ ಅದು ಇಸ್ಲಾಮಿಗೆ ಬರುವ ಕರೆ. 2007ರ ಪತ್ರದಲ್ಲಿ ಅದು ದೇವರ ಮೇಲಿನ ಪ್ರೀತಿ ಮತ್ತು ನೆರೆಯವನ ಮೇಲಿನ ಪ್ರೀತಿಯ ನೆಲೆಯಲ್ಲಿ ಮಾತಾಡೋಣ ಎಂಬ ಆಹ್ವಾನ. ಎರಡೂ ಪತ್ರಗಳನ್ನು ಅಕ್ಕಪಕ್ಕ ಇಟ್ಟುಕೊಂಡು, ಪ್ರತಿಯೊಂದರ ವಿಳಾಸದಲ್ಲಿ ಯಾರ ಹೆಸರಿದೆ, ವಿಳಾಸದಲ್ಲಿಲ್ಲದ ಯಾರು ಅದನ್ನು ಓದಲಿದ್ದರು ಎಂಬುದನ್ನು ಬರೆದು ನೋಡಿ.